ಅಳಲಾರೆ, ಆಳಲಾರೆ

ನಮ್ಮ ನಾಟಕ ಕಂಪನಿಯ ಸಿಂಧನೂರು ಕ್ಯಾಂಪಿನ ಕೊನೆಯ ವಾರ, ರಾಣಿ ಪಾರ್ಟು ಹಾಕುತ್ತಿದ್ದ ಮಾಸ್ತರರ ಉಸಿರು ಕೈಕೊಟ್ಟಿತು. ಎರಡನೇ ಅಂಕದಲ್ಲಿ ರಾಣಿಗೆ ಒಂದು ಉದ್ದನೆಯ ಮಾತಿದೆ, ಒಂದೇ ದಮ್ಮಿನಲ್ಲಿ ಹೇಳಬೇಕಾದದ್ದು. ಅರ್ಧಕ್ಕೆ ಬಂದು ನಿಂತುಬಿಟ್ಟರು. ಹಾರ್ಮೋನಿಯಂ ಪೇಟಿಯವನು ಸ್ವರ ಹಿಡಿದುಕೊಂಡೇ ಇದ್ದ. ಮಾತು ಮರೆತರೇನೋ ಎಂದು ಪ್ರಾಂಪ್ಟರು ಸೈಡ್ ವಿಂಗಿನಿಂದ ಮುಂದಿನ ಪದ ಎತ್ತಿಕೊಟ್ಟರು. ಮಾತು ಮರೆತಿರಲಿಲ್ಲ. ಎದೆಯಲ್ಲಿ ಗಾಳಿ ಇರಲಿಲ್ಲ, ಅಷ್ಟೆ. ನೆಲದ ಮೇಲೆ ಕುಳಿತ ಮಂದಿಯಲ್ಲಿ ಒಬ್ಬ ಕೂಗಿದ: "ಅಜ್ಜೀ, ಕುಂದ್ರಬೇ, ನೀರ ಕುಡದು ಆಮ್ಯಾಲೆ ಹೇಳುವಂತಿ!"

ಥೇಟರಿನ ತಗಡು ನಡುಗುವ ಹಾಗೆ ಎಲ್ಲರೂ ನಕ್ಕರು. ನಾನು ದಾಸಿಯ ವೇಷದಲ್ಲಿ ಅವರ ಹಿಂದೆ ಹಿತ್ತಾಳೆಯ ತಟ್ಟೆ ಹಿಡಿದು ನಿಂತಿದ್ದೆ. ಮಾಸ್ತರರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಜರಿ ಸೀರೆಯೊಳಗೆ ಆ ಬೆನ್ನು ಬಂಡಿ ಎಳೆದ ಎತ್ತಿನ ಪಕ್ಕೆಯಂತೆ ಏಳುತ್ತ ಬೀಳುತ್ತ ಇತ್ತು.

ಗಂಡಸರೇ ಹೆಣ್ಣು ಪಾರ್ಟು ಹಾಕುತ್ತಿದ್ದ ಕಾಲದ ಕೊನೆಯ ತಲೆ ಅವರು. ಮೂವತ್ತು ವರ್ಷ ಅದೇ ರಾಣಿ. ಕಂಪನಿ ಊರಿಗೆ ಬಂತೆಂದರೆ ನಾಟಕದ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ, "ಕಿರೀಟ ತಗಿಯೋ ರಾಣಿ ಬಂದಾಳೇನು?" ಎಂದು ಕೇಳುತ್ತಿದ್ದರು. ಆ ಕಿರೀಟದ ವಿಷಯ ಮುಂದೆ ಬರುತ್ತದೆ.

ನನ್ನ ಬಗ್ಗೆ ಇಷ್ಟು ಹೇಳಿದರೆ ಸಾಕು. ತಂದೆ ಈ ಸೀಮೆಯವರೇ, ಹೈದರಾಬಾದಿನಲ್ಲಿ ನೌಕರಿ. ತಾಯಿ ಇಲ್ಲದ ನನ್ನನ್ನು ಐದನೇ ವಯಸ್ಸಿಗೆ ಸಿಕಂದರಾಬಾದಿನ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಬಿಟ್ಟರು. ಸಿಸ್ಟರುಗಳ ಜೊತೆ ಇಂಗ್ಲಿಷ್, ಆಯಾಗಳ ಜೊತೆ ಉರ್ದು, ರಜೆಯಲ್ಲಿ ತಂದೆಯ ಜೊತೆ ಒಂದಿಷ್ಟು ಕನ್ನಡ. ಓದಲು ಬರೆಯಲು ಕನ್ನಡ ಬರುತ್ತಿರಲಿಲ್ಲ. ಪೊಲೀಸ್ ಆ್ಯಕ್ಷನ್ನಿನ ಮರುವರ್ಷ ತಂದೆ ಕಾಯಿಲೆಯಿಂದ ತೀರಿಕೊಂಡರು, ನಾನು ಸಿಂಧನೂರಿನ ಸೋದರತ್ತೆಯ ಮನೆಗೆ ಬಂದೆ. ಅಲ್ಲಿಗೆ ಈ ಕಂಪನಿ ಬಂತು. ಅವರ ಒಂದು ಕಾಮಿಕ್ ನಾಟಕದಲ್ಲಿ ಲೇಡಿ ಡಾಕ್ಟರ್ ಪಾರ್ಟಿಗೆ ಪಟಪಟ ಇಂಗ್ಲಿಷ್ ಮಾತಾಡುವ ಹುಡುಗಿ ಬೇಕಿತ್ತು. ಅತ್ತೆ ಮೂರು ದಿನ ಮಾತು ಬಿಟ್ಟಳು, ನಾಲ್ಕನೆಯ ದಿನ ನಾಟಕ ನೋಡಲು ಬಂದಳು. ನಾನು ಸ್ಟೆತೊಸ್ಕೋಪ್ ಹಾಕಿಕೊಂಡು "ಪುಟ್ ಔಟ್ ಯುವರ್ ಟಂಗ್" ಎಂದರೆ ಸಾಕು, ಅರ್ಥವಾಗದೆಯೂ ಸಿಳ್ಳೆ ಬೀಳುತ್ತಿತ್ತು. ಕಂಪನಿಯಲ್ಲಿ ನನ್ನ ಹೆಸರು ಮಿಸ್ಸಮ್ಮ.

ರಾಣಿಯ ಮಾತು ಅರ್ಧಕ್ಕೆ ನಿಂತ ಮರುದಿನ ಬೆಳಿಗ್ಗೆ ಕಂಪನಿಯ ಮಾಲಕರು ನನ್ನನ್ನು ಕರೆದರು. ಮಾಸ್ತರರು ಪಕ್ಕದಲ್ಲೇ ಟ್ರಂಕಿನ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಮಿಸ್ಸಮ್ಮ, ರಾಣಿ ಪಾರ್ಟ ಮಾಡ್ತೀರೇನು?"

ಹಾಗೆ ಕೇಳುತ್ತಾರೆಂದು ಈ ಕ್ಯಾಂಪಿನುದ್ದಕ್ಕೂ ಕಾದಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು "ಮೀ?" ಎಂಬ ಒಂದು ಇಂಗ್ಲಿಷ್ ಪದ.

"ಮೀ ಅಲ್ಲ, ರಾಣಿ," ಎಂದರು ಮಾಸ್ತರರು, ತಲೆಯೆತ್ತದೆ.

ಮಾಲಕರು ಷರತ್ತು ಹೇಳಿದರು. ಮಸ್ಕಿಯಲ್ಲಿ ಒಂದು ಆಟ ಮಾಡಿ ನೋಡುವುದು. ಲಿಂಗಸೂಗೂರಿನಲ್ಲಿ ಕ್ಯಾಂಪು ತೆರೆಯುವುದೇ ಈ ನಾಟಕದಿಂದ. "ಅಲ್ಲಿ ಆಟ ಮುಗದ ಮ್ಯಾಲೆ ಮಾಸ್ತರ ಹೂಂ ಅಂದ್ರ ನೀವು ರಾಣಿ. ಊಹೂಂ ಅಂದ್ರ ಗದಗಿನ ಕಡೆಯಿಂದ ಯಾರನ್ನರ ಕರಸ್ತೀನಿ. ನಿಮ್ಮ ಡಾಕ್ಟರ್ ಪಾರ್ಟ ಎಲ್ಲಿಗೂ ಹೋಗಂಗಿಲ್ಲ."

ಆದರೆ ನನಗೆ ಹೋಗಲು ಒಂದು ಜಾಗ ಇತ್ತು. ಅದೇ ವಾರ ಕಾನ್ವೆಂಟಿನ ಮದರ್ ಸುಪೀರಿಯರ್ ಪತ್ರ ಬರೆದಿದ್ದರು. ಇನ್‌ಫಂಟ್ ಕ್ಲಾಸಿಗೆ ಟೀಚರ್ ಬೇಕು, ಬೇಸಿಗೆ ರಜೆ ಮುಗಿಯುವ ತನಕ ಜಾಗ ಖಾಲಿ ಇಡುತ್ತೇನೆ, ಪ್ರೇ ಅಂಡ್ ಡಿಸೈಡ್. ಜೀವಮಾನವಿಡೀ ನಾಲಿಗೆ ಚಾಚಿಸುವ ಲೇಡಿ ಡಾಕ್ಟರ್ ಆಗಿರಲು ನನಗೆ ಮನಸ್ಸಿರಲಿಲ್ಲ. ರಾಣಿ ಆಗದಿದ್ದರೆ ಸಿಕಂದರಾಬಾದ್. ಪತ್ರವನ್ನು ಟ್ರಂಕಿನ ತಳದಲ್ಲಿಟ್ಟೆ, ಮತ್ತೆ ತೆಗೆದೆ, ಮತ್ತೆ ಇಟ್ಟೆ.

ನಾಟಕದ ಪ್ರತಿ ಒಂದೇ ಇತ್ತು. ಕೆಂಪು ಬಟ್ಟೆಯ ರಟ್ಟು, ಕವಿಗಳ ಕೈಬರಹ. ಮೊದಲ ಆಟ ನೋಡುವ ಮುಂಚೆಯೇ ಅವರು ತೀರಿಕೊಂಡಿದ್ದರಂತೆ. ಪ್ರಾಂಪ್ಟರು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಮಧ್ಯಾಹ್ನ ಅವರು ಓದುವುದು, ನಾನು ನನ್ನ ಕಾನ್ವೆಂಟಿನ ಎಕ್ಸರ್‌ಸೈಜ್ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವುದು. ಕರ್ಸಿವ್, ನೀಟಾಗಿ, ಮಾರ್ಜಿನ್ ಬಿಟ್ಟು. ನಾಲ್ಕು ದಿನಕ್ಕೆ ಪೂರ್ತಿಯಾಯಿತು. ಎಲೊಕ್ಯೂಷನ್ನಿನಲ್ಲಿ ಪ್ರೈಜ್ ತೆಗೆದುಕೊಂಡವಳು ನಾನು, ಬಾಯಿಪಾಠಕ್ಕೆ ಮತ್ತೆ ಎರಡು ದಿನ ಸಾಕಾಯಿತು. ಐ ವಾಸ್ ಸೋ ಪ್ರೌಡ್.

ಮಸ್ಕಿಗೆ ಹೊರಟಾಗ ಅಕಾಲದ ಮಳೆ ಬಿದ್ದು ಎರೆಮಣ್ಣು ಬಂಡಿಗಳ ಗಾಲಿ ಹಿಡಿಯುತ್ತಿತ್ತು. ಪರದೆಗಳ ಬಂಡಿ ಎರಡು ಸಲ ಹೂತಿತು. ಇಳಿದು ನಡೆದೆವು. ಚಪ್ಪಲಿಗೆ ಒಂದೊಂದು ಸೇರು ಮಣ್ಣು ಮೆತ್ತಿಕೊಂಡರೂ ನಾನು ಮಾತು ಒಪ್ಪಿಸುತ್ತಲೇ ನಡೆದೆ. ಮಾಸ್ತರರು ಮುಂದಿನ ಬಂಡಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಅವರು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಕೇಳಿಸುತ್ತಿಲ್ಲವೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಎಲ್ಲವೂ ಕೇಳಿಸುತ್ತಿತ್ತು.

ಮಸ್ಕಿಯ ಆಟದ ಮೊದಲ ಅಂಕ ದಾಟಿತು. ಎರಡನೆಯದರಲ್ಲಿ ಅರಸ ಯುದ್ಧದಲ್ಲಿ ಬಿದ್ದ ಸುದ್ದಿ ಬರುತ್ತದೆ. ಮುತ್ತೈದೆತನದ ಬಳೆ ಒಡೆಯಲು ಅಂತಃಪುರದ ಹೆಂಗಸರು ಬರುತ್ತಾರೆ. ರಾಣಿ ಕೈ ಹಿಂದೆಗೆದು ಹೇಳಬೇಕು: "ಬಳೆ ಒಡೆಯಬಹುದು, ಬಾಳು ಒಡೆಯಲಾಗದು." ನನ್ನ ಪುಸ್ತಕದಲ್ಲಿ ಬಳೆಯ ನಡುವೆ ಇದ್ದದ್ದು ಬರೀ ಎಲ್. ಬಾಳಿನ ಕೊನೆಗೂ ಅದೇ ಎಲ್. ನಾನು ಗ್ಯಾಸಬತ್ತಿಯ ಬೆಳಕಿಗೆ ಮುಖ ಎತ್ತಿ, ಹಿಂದಿನ ಸಾಲಿಗೂ ಮುಟ್ಟುವ ಹಾಗೆ, ಕಂಠ ತುಂಬಿ ಹೇಳಿದೆ:

"ಬಲೆ ಒಡೆಯಬಹುದು, ಬಾಲು ಒಡೆಯಲಾಗದು!"

ಒಂದು ಗಳಿಗೆ ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಎಡಗಡೆಯಿಂದ ಒಂದು ಗಂಡುದನಿ: "ಏ, ರಾಣಿಸಾಬ ಮೀನ ಹಿಡ್ಯಾಕ ಹೊಂಟಾಳಲೇ!"

ಬಲಗಡೆಯಿಂದ: "ಹಳ್ಳಕ್ಕ ನೀರ ಬಂದಾವ ಹೋಗಬೇ ಯವ್ವಾ, ಬಲಿ ನಾ ಕೊಡ್ತೀನಿ!"

ಬಳೆ ಒಡೆಯಲು ಬಂದಿದ್ದ ಅಂತಃಪುರದ ಹೆಂಗಸರೂ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುತ್ತಿದ್ದರು. ಅವರಲ್ಲಿ ಇಬ್ಬರು ಗಂಡಸರು, ಅವರ ಟೊಪ್ಪಿಗೂದಲೂ ಕುಲುಕುತ್ತಿತ್ತು. ಮುಂದೆ ನಾನು ಎಷ್ಟು ಎಲ್ ಹೇಳಿದೆನೋ ಅಷ್ಟು ಸಲ ನಗೆ. ಅಂಕದ ಕೊನೆಯ ಮಾತಿಗೆ ಬರುವಷ್ಟರಲ್ಲಿ ಯಾರಿಗೂ ಏನೂ ಕೇಳಿಸುವಂತಿರಲಿಲ್ಲ. ಪರದೆ ಬಿಟ್ಟರು.

ಬೆಳಿಗ್ಗೆ ನಾನು ಟ್ರಂಕು ಕಟ್ಟಿದೆ. ಸಿಕಂದರಾಬಾದಿನ ದಾರಿ ಹಿಡಿಯಲು ಲಿಂಗಸೂಗೂರಿನ ಬಸ್ಸು ಎಷ್ಟು ಗಂಟೆಗೆಂದು ಅಡುಗೆಯವರನ್ನು ಕೇಳಿ ಬಂದೆ, ಟ್ರಂಕು ಬಿಚ್ಚಿದೆ, ಮತ್ತೆ ಕಟ್ಟಿದೆ. ಅಷ್ಟರಲ್ಲಿ ಮಾಸ್ತರರು ಬಾಗಿಲಿಗೆ ಬಂದು ನಿಂತರು.

"ತಂಗಿ, ಆ ಬುಕ್ಕ ಕೊಡಿಲ್ಲೆ."

ಕೊಟ್ಟೆ. ಪುಟ ತಿರುವಿದರು. ಪುಸ್ತಕ ತಲೆಕೆಳಗಾಗಿತ್ತು, ಅವರಿಗೆ ಅದು ಗೊತ್ತಾಗಲಿಲ್ಲ.

"ಮಾಸ್ತರ್ರೇ, ಅದು ಇಂಗ್ಲಿಷ್ ಅಕ್ಷರ..."

"ನನಗ ಇದೂ ಓದಾಕ ಬರಂಗಿಲ್ಲ, ಅದೂ ಓದಾಕ ಬರಂಗಿಲ್ಲ," ಎಂದರು. "ಕವಿಗಳು ಹೇಳಿಕೊಟ್ರು, ನಾ ಕೇಳ್ದೆ. ಅಷ್ಟ. ಕಿವಿಯಿಂದ ಬಂದದ್ದು ಬಾಯಿಂದ ಹೋಗ್ತೈತಿ. ನಿನಗ ನಡುವ ಈ ಇರುವಿ ಸಾಲು ಅಡ್ಡ ಬಂದೈತಿ ನೋಡು."

ಮೂವತ್ತು ವರ್ಷದ ರಾಣಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು, ಯಾರ ಪರವಾಗಿ ಎಂದು ತಿಳಿಯಲಿಲ್ಲ. ಅವರು ಆ ಪುಸ್ತಕದಿಂದ ಒಂದು ಹಾಳೆ ಪರ್ರನೆ ಹರಿದರು, ಸುರುಳಿ ಸುತ್ತಿ ಪೊಟ್ಟಣ ಮಾಡಿದರು, ಜೇಬಿನಿಂದ ಹುರಿದ ಪುಟಾಣಿ ಕಾಳು ತೆಗೆದು ಅದಕ್ಕೆ ಸುರಿದರು.

"ಬಸ್ ಸಂಜಿಗೂ ಐತಿ. ಒಂದ ಕಾಳು ಬಾಯಾಗ ಹಾಕ್ಕೊ. ಕಡೀಬ್ಯಾಡ. ನಾಲಿಗಿ ತುದಿ ಹಿಂದಕ ಮಡಚು, ಆ ಕಾಳು ಅಂಗುಳಕ್ಕ ಒತ್ತಿ ಹಿಡಿ. ಈಗ ಬಿಡು. ಳ."

"ಲ."

"ಅದು ಲಗ್ನದ್ದು. ನನಗ ಕೋಳಿದು ಬೇಕು. ಕೋಳಿ ಅನ್ನು."

"ಕೋಲಿ."

"ಕಾಳು ಬಿತ್ತು. ಇನ್ನೊಂದ ಹಾಕ್ಕೊ."

ಸಂಜೆಯ ಬಸ್ಸು ಹೋಯಿತು. ಪೊಟ್ಟಣ ಮೂರು ಸಲ ತುಂಬಿತು. ಮಸ್ಕಿಯಲ್ಲಿ ಉಳಿದ ಹನ್ನೊಂದು ದಿನ ಹೀಗೇ ನಡೆಯಿತು. ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಅವರು ಒಂದು ಕಡೆ, ನಾನು ಆಚೆ. ನೀರಿನ ಸದ್ದು ದಾಟಿ ಮಾತು ಮುಟ್ಟಬೇಕು. ಮುಟ್ಟದಿದ್ದರೆ ಕೈ ಬೀಸುತ್ತಿದ್ದರು. ಅವರು ಉಸಿರು ಉಳಿಸಿಕೊಳ್ಳಲು ಮೆಲ್ಲಗೆ ಒಂದು ಸಲ ಮಾತ್ರ ಹೇಳಿಕೊಡುತ್ತಿದ್ದರು, ಎರಡನೆಯ ಸಲ ಕೇಳುವಂತಿಲ್ಲ. ಉದ್ದನೆಯ ಮಾತಿನಲ್ಲಿ ಎಲ್ಲಿ ಕದ್ದು ಉಸಿರು ತೆಗೆಯಬೇಕು ಎಂಬುದನ್ನು ನನ್ನ ಅಂಗೈ ಮೇಲೆ ಚಿಟಿಕೆ ಒತ್ತಿ ತೋರಿಸುತ್ತಿದ್ದರು. ಮೂರು ಕಡೆ. ಆ ಮೂರೂ ಜಾಗ ಇವತ್ತಿಗೂ ನನ್ನ ಕೈಯಲ್ಲಿವೆ.

ಆಮೇಲೆ ಕಿರೀಟ. ಎರಡನೇ ಅಂಕದ ಕೊನೆಯಲ್ಲಿ ಮಂತ್ರಿ ಕೇಳುತ್ತಾನೆ: ಮಹಾರಾಣಿ, ಇನ್ನು ರಾಜ್ಯದ ಗತಿ? ರಾಣಿ ಎರಡು ಕೈಯಿಂದ ನಿಧಾನವಾಗಿ ಕಿರೀಟ ತೆಗೆಯುತ್ತಾಳೆ, ಸಿಂಹಾಸನದ ಮೇಲಿಡುತ್ತಾಳೆ, "ಅರಸಿ ನಾನು... ಆಳಲಾರೆ" ಎನ್ನುತ್ತಾಳೆ, ಪರದೆ. ಇದಕ್ಕೇ ಮಂದಿ ವನ್ಸ್ ಮೋರ್ ಕೂಗುತ್ತಿದ್ದದ್ದು. ಕೂಗಿದರೆ ಪರದೆ ಮತ್ತೆ ಏಳಬೇಕು, ರಾಣಿ ಮತ್ತೆ ಕಿರೀಟ ಹಾಕಿಕೊಂಡು ಮತ್ತೆ ತೆಗೆಯಬೇಕು, ಅದು ಕಂಪನಿ ನಾಟಕದ ಪದ್ಧತಿ. ಒಂದು ಊರಲ್ಲಿ ಐದು ಸಲ ತೆಗೆಸಿದ್ದರಂತೆ.

"ಮಾಸ್ತರ್ರೇ," ಎಂದು ಒಂದು ದಿನ ಕೇಳಿದೆ, "ಆಳಲಾರೆ ಅಂದವಳು ಮೂರನೇ ಅಂಕದಲ್ಲಿ ತಾನೇ ಖಡ್ಗ ಹಿಡಿದು ಕೋಟೆ ಬಾಗಿಲಿಗೆ ಹೇಗೆ ಬರ್ತಾಳೆ?"

"ಹೆಂಗಸಿನ ಮನಸ್ಸು. ನಡುವ ಪರದೆ ಬಿದ್ದೈತಲ್ಲ, ಅಷ್ಟೊತ್ತಿಗೆ ಬದಲಾಗಿರ್ತೈತಿ."

ನಾನೂ ಹೆಂಗಸೇ. ಪರದೆ ಬಿದ್ದು ಏಳುವಷ್ಟರಲ್ಲಿ ನನ್ನ ಮನಸ್ಸು ಹಾಗೆಂದೂ ಬದಲಾಗಿರಲಿಲ್ಲ. ಇನ್ನೊಂದು ಕಾಳು ಬಾಯಿಗೆ ಹಾಕಿಕೊಂಡೆ.

ಲಿಂಗಸೂಗೂರು ಹಿಂದೆ ದಂಡಿನ ಛಾವಣಿ ಇದ್ದ ಊರು. ಬಯಲಿನಲ್ಲಿ ಥೇಟರು ಏಳಲು ಒಂದು ವಾರ ಹಿಡಿಯಿತು. ಗಳ ಹುಗಿಯುವವರ ಸದ್ದಿನಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಕಣ್ಣಿಗೆ ಏನಾದರೂ ಓದಲು ಬೇಕು ಅನ್ನಿಸುತ್ತಿತ್ತು. ಅದು ಬೋರ್ಡಿಂಗಿನ ಚಾಳಿ. ಮಾಸ್ತರರಿಗೆ ಹೇಳದೆ ಪ್ರಾಂಪ್ಟರನ್ನು ಕೇಳಿದೆ, ಕನ್ನಡ ಅಕ್ಷರ ಕಲಿಸಿಕೊಡಿ ಎಂದು. ಉಳಿದ ಹ್ಯಾಂಡ್‌ಬಿಲ್ಲುಗಳ ಬೆನ್ನ ಮೇಲೆ ಪೆನ್ಸಿಲಿನಿಂದ ಬರೆದುಕೊಟ್ಟರು. ಹದಿನೆಂಟು ದಾಟಿದ ಹುಡುಗಿ ಅ ಆ ಇ ಈ ತಿದ್ದುತ್ತ ಕೂತದ್ದನ್ನು ಕಂಡು ಪೇಟಿಯವನು ದಿನಾ ಕೇಳುತ್ತಿದ್ದ: "ಮಿಸ್ಸಮ್ಮಾರ, ಬಳಪ ತಂದುಕೊಡ್ಲೇನ್ರೀ?"

ನಾಟಕದ ಹಿಂದಿನ ದಿನ ಪ್ರಾಂಪ್ಟರು ಕೆಂಪು ರಟ್ಟಿನ ಪುಸ್ತಕ ಮೊದಲ ಸಲ ನನ್ನ ತೊಡೆಯ ಮೇಲಿಟ್ಟರು. "ನಿಮ್ಮ ಮಾತು ಇಲ್ಲೈತಿ ನೋಡ್ರಿ." ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅ, ರ, ಸಿ. ನಾ, ನು. ಆಮೇಲಿನ ಅಕ್ಷರ ನೋಡಿದೆ. ಹ್ಯಾಂಡ್‌ಬಿಲ್ಲು ತೆಗೆದು ಪಕ್ಕದಲ್ಲಿಟ್ಟು ಮತ್ತೆ ನೋಡಿದೆ. ಬಲಗಡೆ ಇರಬೇಕಾದ ಕೊಂಡಿ ಇರಲಿಲ್ಲ.

"ಇದು ಅ ಅಲ್ವಾ?"

"ಹೌದ್ರೀ."

"ಆಳಲಾರೆ ಅಲ್ಲ. ಅಳಲಾರೆ."

ನನ್ನ ಹಳೆಯ ಎಕ್ಸರ್‌ಸೈಜ್ ಪುಸ್ತಕದಲ್ಲಿ ಇವೆರಡೂ ಒಂದೇ ಆಗಿದ್ದವು: ಎ ಎಲ್ ಎ ಎಲ್ ಎ ಆರ್ ಇ. ಪ್ರಾಂಪ್ಟರು ಸಿಂಧನೂರಿನಲ್ಲಿ ಸರಿಯಾಗಿಯೇ ಓದಿದ್ದರು, ನಾನೇ ಎರಡನ್ನೂ ಒಂದೇ ಗೂಡಿನಲ್ಲಿಟ್ಟಿದ್ದೆ. ರಾಣಿ ರಾಜ್ಯ ಒಲ್ಲೆ ಎಂದಿರಲೇ ಇಲ್ಲ. ಅಳುವುದಿಲ್ಲ ಎಂದಿದ್ದಳು. ಅದಕ್ಕೇ ಮೂರನೇ ಅಂಕದಲ್ಲಿ ಖಡ್ಗ. ಪುಟದಲ್ಲಿ ಕಿರೀಟ ತೆಗೆಯುವ ಸೂಚನೆಯೂ ಇರಲಿಲ್ಲ. ಆಳಲಾರೆ ಎಂದು ಕೇಳಿಸಿಕೊಂಡವರು ಕಿರೀಟ ತಾವೇ ತೆಗೆದಿದ್ದರು.

"ನಿಮಗೆ ಗೊತ್ತಿತ್ತಾ?"

ಪ್ರಾಂಪ್ಟರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ನಾ ಕಂಪನಿಗೆ ಬಂದ ಮೊದಲ್ನೇ ದಿನಾನ ಗೊತ್ತಾತ್ರೀ. ವಿಂಗಿನಾಗ ನಿಂತು ಅಳಲಾರೆ ಅಂತ ಎತ್ತಿಕೊಡಾಕ ಬಾಯಿ ತಗದೆ. ಅಷ್ಟರಾಗ ಅವರು ಕಿರೀಟ ತಗದ್ರು. ಏನ ಹೇಳ್ಲಿ ಅಕ್ಕಾರ, ಥೇಟರು ಅಂಬೋ ಥೇಟರು ಉಸಿರ ಬಿಗಿಹಿಡೀತು. ನನ್ನ ಬಾಯಿ ಮುಚ್ಚಿತು. ಇನ್ನೂ ಮುಚ್ಚೈತಿ. ನೀವೂ ಮುಚ್ಚಿಕೊಂಡ್ರ ಚಲೋ. ನಾಳೆ ಹೂಂ ಅನ್ನೋರು ಅವರ."

ಆ ದಿನವಿಡೀ ಬಯಲಿನ ಸುತ್ತ ನಡೆದೆ. ಅವರು ಕಲಿಸಿದ್ದನ್ನೇ ಅವರೆದುರಿಗೆ ತಿದ್ದುವುದೇ? ನಾಲಿಗೆ ಮಡಚಲು ಕಲಿಸಿದವರು ಅವರು. ಆದರೆ ಆ ಅಕ್ಷರವನ್ನು ನೋಡಿಯಾಗಿತ್ತು, ನೋಡಿಲ್ಲ ಎನ್ನುವುದು ಹೇಗೆ?

ನಾಟಕದ ದಿನ ಥೇಟರು ತುಂಬಿತ್ತು. ಮಸ್ಕಿಯ ಸುದ್ದಿ ಮೊದಲೇ ಮುಟ್ಟಿತ್ತು. "ಬಲಿ ತಂದೀಯೇನಬೇ?" ಎಂದು ಯಾರೋ ಕೂಗಿದರು. ಎರಡನೇ ಅಂಕ. ನಾನು ಕೈ ಹಿಂದೆಗೆದೆ, ನಾಲಿಗೆ ತುದಿ ಮಡಚಿದೆ. ಬಳೆ ಒಡೆಯಬಹುದು, ಬಾಳು ಒಡೆಯಲಾಗದು. ಕೂಗಿದವನು ಮತ್ತೆ ಕೂಗಲಿಲ್ಲ. ಉದ್ದನೆಯ ಮಾತು, ಅಂಗೈಯ ಮೂರು ಚಿಟಿಕೆ, ದಾಟಿತು. ಮಂತ್ರಿ ಕೇಳಿದ. ಸೈಡ್ ವಿಂಗಿನಲ್ಲಿ ಸ್ಟೂಲಿನ ಮೇಲೆ ಮಾಸ್ತರರು, ಅವರ ಎರಡೂ ಕೈ ತಮ್ಮ ಬೋಳು ತಲೆಯ ಕಡೆಗೆ ಏಳುತ್ತಿದ್ದವು. ನಾನು ಅವರ ಹಾಗೆಯೇ ಕಿರೀಟ ತೆಗೆದೆ, ಸಿಂಹಾಸನದ ಮೇಲಿಟ್ಟೆ. "ಅರಸಿ ನಾನು... ಆಳಲಾರೆ."

ಪರದೆ ಬಿತ್ತು. ಬೀಳುವ ಮೊದಲೇ ಶುರುವಾಗಿತ್ತು: ವನ್ಸ್ ಮೋರ್! ವನ್ಸ್ ಮೋರ್!

ಮಾಲಕರು ನಗುತ್ತ ಕೈ ಎತ್ತಿದರು, ಪರದೆ ಎಳೆಯುವವರು ಹಗ್ಗ ಹಿಡಿದರು. ನಾನು ಕಿರೀಟ ಎತ್ತಿ ಮತ್ತೆ ತಲೆಗಿಟ್ಟೆ. ಅದು ಬರೀ ರಟ್ಟು, ಬೇಗಡೆ. ಆಗ ಅನ್ನಿಸಿತು, ಅವರದನ್ನು ಒಂದು ಸಲ ಪೂರ್ತಿ ಮಾಡಿದ್ದೇನೆ, ಎಲ್ಲರೂ ನೋಡಿದ್ದಾರೆ. ಪರದೆ ಎದ್ದಿತು. ಮಂತ್ರಿ ಮತ್ತೆ ಕೇಳಿದ. ನನ್ನ ಕೈಗಳು ಅಭ್ಯಾಸದಿಂದ ಮೇಲೆದ್ದು ಕಿರೀಟ ಹಿಡಿದವು. ಹಿಡಿದು, ತೆಗೆಯದೆ, ತಲೆಗೆ ಒತ್ತಿಕೊಂಡವು.

"ಅರಸಿ ನಾನು. ಅಳಲಾರೆ."

ಚಪ್ಪಾಳೆ ಇಲ್ಲ. ಸಿಳ್ಳೆ ಇಲ್ಲ. ಪರದೆ ಎಳೆಯುವವರೂ ಬಿಡಬೇಕೋ ಬೇಡವೋ ತಿಳಿಯದೆ ತಡವಾಗಿ ಬಿಟ್ಟರು. ಹೆಂಗಸರ ಕಡೆಯಿಂದ ಯಾರೋ ಮೂಗು ಸೀಟಿದ ಸದ್ದು ಮಾತ್ರ ಬಂತು. ವಿಂಗಿನ ಕಡೆ ನೋಡಿದೆ. ಸ್ಟೂಲು ಖಾಲಿ ಇತ್ತು. ಮೂರನೇ ಅಂಕ ಹೇಗೆ ಮುಗಿಸಿದೆನೋ ನೆನಪಿಲ್ಲ.

"ಎರಡನೇದಕ್ಕ ವನ್ಸ್ ಮೋರ್ ಬರಲಿಲ್ಲಲ್ರೀ," ಎಂದರು ಮಾಲಕರು, ಆಟ ಮುಗಿದ ಮೇಲೆ. "ಬೆಳಿಗ್ಗಿ ಮಾಸ್ತರು ಏನಂತಾರ ನೋಡೂಣು."

ಬೆಳಿಗ್ಗೆ ಹೋದೆ. ಟ್ರಂಕು ಕಟ್ಟಿಯೇ ಹೋದೆ. ಮಾಸ್ತರರು ಖಾಲಿ ಥೇಟರಿನಲ್ಲಿ, ರಂಗದ ಅಂಚಿಗೆ ಕಾಲು ಇಳಿಬಿಟ್ಟು ಕುಳಿತಿದ್ದರು. ಕೆಂಪು ರಟ್ಟಿನ ಪುಸ್ತಕ ತೊಡೆಯ ಮೇಲಿತ್ತು.

"ತೋರಸು," ಎಂದರು.

ಪುಟ ತೆಗೆದು ಬೆರಳಿಟ್ಟೆ. ಹ್ಯಾಂಡ್‌ಬಿಲ್ಲಿನ ಬೆನ್ನ ಮೇಲೆ ಅ, ಪಕ್ಕದಲ್ಲಿ ಆ ಬರೆದು ತೋರಿಸಿದೆ. ಅವರು ತಮ್ಮ ತೋರುಬೆರಳಿನಿಂದ ಮೊದಲು ಅ ಮೇಲೆ ಹೋದರು, ಆಮೇಲೆ ಆ ಮೇಲೆ. ಬಲಗಡೆಯ ಕೊಂಡಿಗೆ ಬಂದಾಗ ಬೆರಳು ನಿಂತಿತು.

"ಇಷ್ಟನ?"

"ಇಷ್ಟೇರಿ."

"ಇಷ್ಟ ಒಂದ ಕೊಂಡಿಗೆ ಮೂವತ್ತು ವರ್ಷ ಕಿರೀಟ ತಗದೆ ನೋಡವಾ ನಾನು." ನಕ್ಕರು, ನಗು ದಮ್ಮಿಗೆ ತಿರುಗಿತು. ಅದು ಇಳಿಯುವ ತನಕ ನಾನು ನೀರಿನ ತಂಬಿಗೆ ಹಿಡಿದು ನಿಂತೆ. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಪ್ರಾಂಪ್ಟರಗ ಗೊತ್ತಿತ್ತೇನು?"

"ಇಲ್ಲರಿ," ಎಂದೆ. ಕಾನ್ವೆಂಟಿನಲ್ಲಿ ಹದಿಮೂರು ವರ್ಷ ಸುಳ್ಳು ಹೇಳಬಾರದೆಂದು ಕಲಿತಿದ್ದೆ. ಅಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ.

ಅವರು ನಂಬಿದರೋ ಇಲ್ಲವೋ, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಕೋಲು ಊರಿ ಇಳಿದು, ನಾಲ್ಕು ಹೆಜ್ಜೆ ಹೋಗಿ, ಹಿಂದಿರುಗಿದರು. ಮಸ್ಕಿಯ ದಾರಿಯಲ್ಲಿ ಹಿಂದಿರುಗಿ ನೋಡದೇ ಇದ್ದವರು.

"ಮಾಲಕರಿಗೆ ಹೂಂ ಅಂತ ಹೇಳೀನಿ. ಇವತ್ತಿಂದ ನೀ ಎರಡನೇ ಸಲ ಮಾಡಿದ್ದನ್ನ ಮಾಡು."

"ಮತ್ತೆ ಮೊದಲನೇದು?"

"ಮೊದಲನೇದು ನಂದು," ಎಂದರು. "ಅದನ್ನ ನನಗ ಬಿಡು."

ಅವತ್ತೇ ಮದರ್ ಸುಪೀರಿಯರ್‌ಗೆ ಪತ್ರ ಬರೆದು ಅಂಚೆಗೆ ಹಾಕಿದೆ. ಆಮೇಲೆ ಬಹಳ ವರ್ಷ, ಬಹಳ ಊರುಗಳಲ್ಲಿ ಆ ರಾಣಿಯಾದೆ. ಹಳಬರು ಬಂದು ಮುಂದೆ ಕೂತು, ಕಿರೀಟ ತಗೀರೀ ಎಂದು ಕೂಗುತ್ತಿದ್ದರು. ಎಷ್ಟು ಕೂಗಿದರೂ ತೆಗೆಯಲಿಲ್ಲ.